ನಿಧಾನವಾಗಿ ಇಳಿಯುವ ಪಟ

"ಯಾರು ಲೈನ್ ಮೇಲಿರೋದು?"

ಎನ್ಸಿಯೊ ಕೆಳಗಿನ ಹಜಾರದಿಂದ ಹೀಗೆ ಕೂಗಿದರೆ ಮನೆಯವರೆಲ್ಲ ಸಿಕ್ಕಿಬಿದ್ದ ಕಳ್ಳರ ಹಾಗೆ ಕೈಕಾಲು ಆಡಿಸದೆ ಕೂರಬೇಕು. ಮಹಡಿಯ ಮೇಲೆ ಅವನ ಮಗಳು ಪೈವಿಕ್ಕಿ ಕಿವಿಯ ಹೆಡ್‌ಫೋನ್ ತೆಗೆದು ಕೆಲಸ ನಿಲ್ಲಿಸಬೇಕು. ಪಕ್ಕದ ಕೋಣೆಯಲ್ಲಿ ಮೊಮ್ಮಗಳು ತಿಲ್ದಾ ಫೋನನ್ನು ಬೋರಲು ಹಾಕಬೇಕು. ಆಮೇಲೆ ಸ್ವಲ್ಪ ಹೊತ್ತು ಆ ಮರದ ಮನೆಯಲ್ಲಿ ಒಲೆಯ ಸೌದೆ ಚಟಪಟ ಎನ್ನುವುದೊಂದು ಬಿಟ್ಟರೆ ಬೇರೆ ಸದ್ದಿಲ್ಲ. ಅಷ್ಟರಲ್ಲಿ ಮತ್ತೆ ಅದೇ ದನಿ: "ಇನ್ನೂ ಯಾರೋ ನೆಟ್ ಎಳೀತಿದೀರಾ. ಪಟ ಅಲ್ಲೇ ನಿಂತಿದೆ."

"ತಾತ, ನಾವು ಉಸಿರೂ ಎಳೀತಿಲ್ಲ!" ತಿಲ್ದಾ ಮೇಲಿನಿಂದಲೇ ಉತ್ತರ ಕೊಡುತ್ತಿದ್ದಳು. ಇಪ್ಪತ್ತು ವರ್ಷದ ಹುಡುಗಿ, ಊರಿನ ಬೇಕರಿಯಲ್ಲಿ ಕೆಲಸ, ನಾಲಗೆ ಅಜ್ಜನದೇ.

ಪಟವೆಂದರೆ ಹಳೆಯ ಫೋಟೋ, ಅದು ನಿಂತಿರುತ್ತಿದ್ದುದು ಹಜಾರದ ಟಿ.ವಿ.ಯಲ್ಲಿ. ಆ ಟಿ.ವಿ.ಯ ಮುಂದಿನ ಸೋಫಾದಲ್ಲಿ ಎನ್ಸಿಯೊನ ಹೆಂಡತಿ ಸೈಮಿ ಮಡಿಲಲ್ಲಿ ಕೈಯಿಟ್ಟುಕೊಂಡು, ಯಾರದೋ ಮನೆಗೆ ಬಂದ ನೆಂಟರಂತೆ ಕೂತಿರುತ್ತಿದ್ದಳು.

ಸೈಮಿಯ ನೆನಪು ಜಾರುತ್ತಾ ಬಂದು ವರ್ಷಗಳೇ ಆಗಿದ್ದವು. ಮೊದಲು ಒಲೆ, ಬೀಗ ಹೋದವು, ಆಮೇಲೆ ತಿಂಗಳು, ವಾರ, ಆಮೇಲೆ ಮೊಮ್ಮಗಳು. ಕಳೆದ ಶರತ್ಕಾಲದಲ್ಲಿ, ಅಣಬೆ ಆರಿಸಲು ಕಾಡಿಗೆ ಹೋಗಿ ಬಂದ ಮೇಲೆ, ಗಂಡನ ಹೆಸರೂ ಹೋಯಿತು. ಗಂಡನೇ ಹೋಗಿರಲಿಲ್ಲ, ಅದು ಬೇರೆ ಮಾತು. ಅವನ ಭುಜಕ್ಕೆ ಒರಗುತ್ತಿದ್ದಳು, ಅವನ ತಟ್ಟೆಯ ಆಲೂಗೆಡ್ಡೆ ಎತ್ತಿಕೊಳ್ಳುತ್ತಿದ್ದಳು, "ಏಯ್, ನೀನು" ಎಂದು ಕರೆಯುತ್ತಿದ್ದಳು. ಆದರೆ ಎನ್ಸಿಯೊ ಎನ್ನುವ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. ಆ ಮುದುಕನಿಗೆ ಬೇಕಾಗಿದ್ದುದು ಅದೊಂದೇ. ಒಂದು ಸಲ, ಒಂದೇ ಸಲ ಅವಳು ತನ್ನ ಹೆಸರು ಹಿಡಿದು ಕರೆಯಬೇಕು. ಬಾಯಿಬಿಟ್ಟು ಅವನು ಹೇಳಿದವನಲ್ಲ. ಮಗಳಿಗೆ ಮಾತ್ರ ಗೊತ್ತಿತ್ತು.

"ಹಳೇ ಪಟ ತೋರ್ಸಿ, ಮಾತಾಡ್ಸಿ," ಎಂದು ಮನೆಗೆ ಬರುವ ನರ್ಸ್ ರಾಕೆಲ್ ಹೇಳಿಹೋಗಿದ್ದಳು. ಅಷ್ಟು ಸಾಕಾಯಿತು. ಎನ್ಸಿಯೊ ಅಟ್ಟದಿಂದ ಫೋಟೋ ಸ್ಲೈಡುಗಳ ಪೆಟ್ಟಿಗೆಗಳನ್ನೆಲ್ಲ ಇಳಿಸಿದ. ಮದುವೆಗೆ ಮುಂಚಿನಿಂದ ಹಿಡಿದು ಒಂದೊಂದನ್ನೂ ಉಸಿರು ಬಿಗಿಹಿಡಿದು ಕಂಪ್ಯೂಟರಿಗೆ ಏರಿಸಿದ. ಏರಿಸುವಾಗ ಕಂಜೂಸುತನ ಮಾಡಲಿಲ್ಲ, ಯಂತ್ರದಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಅಳತೆಯನ್ನೇ ಒತ್ತಿದ. ಒಂದೊಂದು ಪಟವೂ ಕೋಣದಷ್ಟು ಭಾರ. ಕಂಪ್ಯೂಟರು ಇದ್ದುದು ಮಹಡಿಯ ಮೇಲೆ, ಪೈವಿಕ್ಕಿಯ ಮೇಜಿನಡಿ. ಅಲ್ಲಿಂದ ಟಿ.ವಿ.ಗೆ ಗೋಡೆಯೊಳಗೆ ಒಂದು ಕೇಬಲ್. ಆ ಕೇಬಲ್ ಎಳೆದವನೂ ಅವನೇ. ಜೀವಮಾನವಿಡೀ ಟೆಲಿಫೋನ್ ಕಂಬ ಹತ್ತಿ ಇಳಿದವನು. ವೈಫೈ ಎಂದರೆ ಮೂಗು ಮುರಿಯುತ್ತಿದ್ದ. "ಗಾಳೀಲಿ ಹಾರಿಬಿಟ್ಟಿದ್ದು ಸರಿಯಾದ ಮನೆಗೇ ಹೋಗತ್ತೆ ಅಂತ ಏನು ಗ್ಯಾರಂಟಿ?"

ಪಟ ಮೇಲಿನಿಂದ ಕೆಳಕ್ಕೆ ಪಟ್ಟಿಪಟ್ಟಿಯಾಗಿ ಇಳಿಯುತ್ತಿತ್ತು. ಮೊದಲು ಆಕಾಶ.

"ಯಾರು ಬರ್ತಿರೋದು?" ಸೈಮಿ ಕೇಳುತ್ತಿದ್ದಳು.

"ನೀನೇ ನೋಡಿ ಹೇಳು."

"ಆಕಾಶ."

"ಆಕಾಶದ ಕೆಳಗೆ?"

"ಮರ."

"ಮರದ ಕೆಳಗೆ? ಸ್ವಲ್ಪ ಇರು, ಬಂತು, ಈಗ ಬಂತು."

ಬರುತ್ತಿರಲಿಲ್ಲ. ಪೈನ್ ಮರದ ತುದಿಯಲ್ಲಿ ಪಟ ಕೂತುಬಿಡುತ್ತಿತ್ತು. ಸೈಮಿ ಎದ್ದುಹೋಗಿ ನೆಲದ ಚಿಂದಿಗಂಬಳಿಯ ಅಂಚು ನೇರ ಮಾಡುವಳು, ಕಿಟಕಿಯ ಹತ್ತಿರ ನಿಂತು ಹಿಮ ನೋಡುವಳು. ಕೊನೆಗೊಮ್ಮೆ ಸರೋವರದ ದಡದಲ್ಲಿ ನಗುತ್ತಾ ನಿಂತ ಇಪ್ಪತ್ತೈದರ ಎನ್ಸಿಯೊ ಪೂರ್ತಿ ಇಳಿದು ಬರುವ ಹೊತ್ತಿಗೆ ಅವನನ್ನು ನೋಡಲು ಅಲ್ಲಿ ಉಳಿದಿರುತ್ತಿದ್ದವನು ಎಪ್ಪತ್ತೇಳರ ಎನ್ಸಿಯೊ ಒಬ್ಬನೇ.

*

ಗುರುವಾರ ಬಟಾಣಿ ಸೂಪು. ಜಗತ್ತು ಮುಳುಗಿದರೂ ಈ ಮನೆಯಲ್ಲಿ ಗುರುವಾರ ಬಟಾಣಿ ಸೂಪು, ಮೇಲೊಂದು ಒಲೆಯಲ್ಲಿ ಬೇಯಿಸಿದ ದಪ್ಪ ದೋಸೆ, ಜ್ಯಾಮು. ಪೈವಿಕ್ಕಿ ಸೂಪಿನ ಪಾತ್ರೆ ಮೇಜಿನ ನಡುವೆ ಇಟ್ಟು, ಅಮ್ಮನ ಕೈಗೆ ಚಮಚ ಕೊಟ್ಟು, ಬೆಳಗಿನಿಂದ ನುಂಗಿಕೊಂಡಿದ್ದ ಮಾತನ್ನು ಹೊರಗೆ ತೆಗೆದಳು.

"ಅಪ್ಪಾ, ಅಮ್ಮನ್ನ ವೃದ್ಧರ ಆರೈಕೆ ಮನೆಗೆ ಸೇರ್ಸೋಕೆ ಅರ್ಜಿ ಹಾಕೋಣ. ಹಾಕಿದ ತಕ್ಷಣ ಏನೂ ಕರೆಯಲ್ಲ. ಜಾಗ ಸಿಗೋಕೆ ತಿಂಗಳಾಗತ್ತೆ."

"ಸಾಸಿವೆ ಕೊಡು."

"ಮೊನ್ನೆ ಅಮ್ಮ ಚಪ್ಪಲೀಲೇ ಅಂಚೆ ಡಬ್ಬಿವರೆಗೂ ಹೋಗಿದ್ಲು. ಹೊರಗೆ ಎಷ್ಟು ಚಳಿ ಇತ್ತು ಗೊತ್ತಲ್ಲ?"

"ಸಾಸಿವೆ ಅಂದೆ."

ತಿಲ್ದಾ ಸಾಸಿವೆ ಗೊಜ್ಜಿನ ಟ್ಯೂಬು ದಾಟಿಸಿದಳು. ಎನ್ಸಿಯೊ ಅದನ್ನು ತಟ್ಟೆಯ ಅಂಚಿಗೆ ಹಿಂಡಿಕೊಂಡು, ಸೂಪಿನೊಳಗೆ ಕಲಸಿ, ಒಂದು ಚಮಚ ಕುಡಿದ ಮೇಲೆ ಹೇಳಿದ: "ನಿಧಾನ ಆಗಿರೋದು ನಿಮ್ಮಮ್ಮ ಅಲ್ಲ. ಲೈನು. ಲೈನ್ ಸರಿಹೋಗ್ಲಿ, ಆಮೇಲೆ ಮಾತಾಡು."

"ಲೈನ್ ಸರಿಹೋದ್ರೆ ಅಮ್ಮನ ತಲೆ ಸರಿಹೋಗತ್ತಾ?"

"ಅವಳ ಮುಂದೇನೇ ಹೀಗೆ ಮಾತಾಡ್ತೀಯಲ್ಲ, ನಾಚಿಕೆ ಆಗಲ್ವಾ?"

ಸೈಮಿ ಇಬ್ಬರ ಮುಖವನ್ನೂ ನೋಡಿ ಮುಗುಳ್ನಕ್ಕು, "ಸೂಪು ತುಂಬಾ ಚೆನ್ನಾಗಿದೆ, ಯಾರು ಮಾಡಿದ್ದು?" ಎಂದಳು.

ಪೈವಿಕ್ಕಿ ಅಮ್ಮನ ತಟ್ಟೆಗೆ ಇನ್ನಷ್ಟು ಸೂಪು ಬಡಿಸಿದಳು. ಪೈವಿಕ್ಕಿಗೆ ಕೆಲಸದಲ್ಲೂ ಇದೇ ಮಾತು: ದೂರದ ಆಸ್ಪತ್ರೆಯ ವೈದ್ಯರು ಹೇಳಿ ಧ್ವನಿಮುದ್ರಿಸಿದ್ದನ್ನು ಕೇಳಿ ಅಕ್ಷರಕ್ಕಿಳಿಸುವುದು. ವೈದ್ಯರು ಚುಕ್ಕೆ ಅಲ್ಪವಿರಾಮಗಳನ್ನೂ ಬಾಯಲ್ಲೇ ಹೇಳುತ್ತಿದ್ದರು. "ರೋಗಿಗೆ ಗಂಡನ ಹೆಸರು ತಿಳಿಯದು, ಪೂರ್ಣವಿರಾಮ. ಮನೆಯಲ್ಲಿ ಆರೈಕೆ ಕಷ್ಟ, ಪೂರ್ಣವಿರಾಮ." ದಿನವಿಡೀ ಊರವರ ಅಮ್ಮಂದಿರ ವಿಷಯ ಹೀಗೆ ಟೈಪು ಬಡಿದು ಕೆಳಗಿಳಿದು ಬಂದರೆ ತನ್ನಮ್ಮ. ಮದುವೆ ಮುರಿದ ಮೇಲೆ ಮಗಳನ್ನು ಕಟ್ಟಿಕೊಂಡು ತವರಿನ ಮಹಡಿಗೆ ಬಂದವಳು ಅವಳು. ನಾಲ್ಕು ದಿನಕ್ಕೆಂದು ಬಂದವಳು ಅಮ್ಮನಿಗೋಸ್ಕರ ಉಳಿದಿದ್ದಳು.

ಆಮೇಲಿನ ವಾರಗಳಲ್ಲಿ ಎನ್ಸಿಯೊ ಲೈನಿನ ಶತ್ರುಗಳನ್ನು ಹುಡುಕಿದ ಹುಡುಕಾಟ ಹೇಳತೀರದು. ಹೊಸ ಇಂಟರ್ನೆಟ್ ಪೆಟ್ಟಿಗೆ ಬಂತು. ಮೈಕ್ರೊವೇವ್ ಮೂಲೆ ಸೇರಿತು. ಸಂಜೆ ಹೊತ್ತು ಮಗಳು ಕೆಲಸ ಮಾಡುವಂತಿಲ್ಲ; ಅವಳು ಬೆಳಗ್ಗೆ ಕತ್ತಲಿರುವಾಗಲೇ ಎದ್ದು ಟೈಪು ಬಡಿಯತೊಡಗಿದಳು. ತಿಲ್ದಾ ಗೆಳತಿಯ ಮನೆಗೆ ಹೋಗಿ ಸಿನಿಮಾ ನೋಡಿ ಬರತೊಡಗಿದಳು. "ಕರಡಿ ಚಳಿಗಾಲದ ನಿದ್ದೆ ಮುಗಿಸಿ ಎದ್ದು ಬರೋಷ್ಟರಲ್ಲಿ ಒಂದು ಪಟ ಇಳಿಯತ್ತೆ ಬಿಡು ತಾತ," ಎಂದು ಅವಳು ಅಂದಿದ್ದಕ್ಕೆ ಎನ್ಸಿಯೊ ಎರಡು ದಿನ ಮಾತು ಬಿಟ್ಟ.

ಒಂದು ಭಾನುವಾರ ಪೈವಿಕ್ಕಿ ನೆಲಮಾಳಿಗೆಗೆ ಇಳಿದು ನೋಡಿದರೆ ಫ್ರೀಜರಿನಿಂದ ಕೆಂಪು ನೀರು ಹರಿದು ಸೌನಾ ಎಂಬ ಹಬೆಸ್ನಾನದ ಕೋಣೆಯ ಬಾಗಿಲವರೆಗೂ ಬಂದಿತ್ತು. ಬೇಸಗೆಯಲ್ಲಿ ಬೆನ್ನು ಬಗ್ಗಿಸಿ ಆರಿಸಿ ತಂದ ಹಣ್ಣುಗಳೆಲ್ಲ ಕರಗಿ ಕೆಸರು. ಮೀನು ಮುಟ್ಟುವ ಹಾಗಿರಲಿಲ್ಲ. ಪ್ಲಗ್ಗು ಗೋಡೆಯಿಂದ ಕಿತ್ತು ನೇತಾಡುತ್ತಿತ್ತು.

"ನಿಮ್ಮಮ್ಮ ಕಿತ್ತಿರ್ಬೇಕು," ಎಂದ ಎನ್ಸಿಯೊ, ಮುಖ ಬೇರೆ ಕಡೆ ಮಾಡಿ.

"ಅಮ್ಮ ನೆಲಮಾಳಿಗೆ ಮೆಟ್ಟಲು ಇಳಿಯೋಕೇ ಹೆದರ್ತಾಳೆ ಅಪ್ಪಾ."

"ಹಾಗಾದ್ರೆ ಬೆಕ್ಕು ಕಿತ್ತಿರ್ಬೇಕು!"

ಆ ಮನೆಯಲ್ಲಿ ಬೆಕ್ಕಿರಲಿಲ್ಲ. ಫ್ರೀಜರಿನ ಮೋಟಾರು ಲೈನಿಗೆ ತೊಂದರೆ ಕೊಡುತ್ತದೋ ಏನೋ ಎಂದು ತಾನೇ ಕಿತ್ತು ನೋಡಿ, ತಿರುಗಿ ಹಾಕಲು ಮರೆತಿದ್ದ. ಮೂವರಿಗೂ ಅದು ಗೊತ್ತಾಯಿತು. ಗೊತ್ತಾಗದವಳು ಸೈಮಿ ಒಬ್ಬಳು. ಅವಳು ಮೇಲೆ, ಮೆಟ್ಟಲ ಬಾಗಿಲಲ್ಲಿ ನಿಂತು ಮೆಲ್ಲಗೆ, "ನಾನೇ ಇರ್ಬೇಕು. ನಾನೇ ಮಾಡಿರ್ತೀನಿ. ತಪ್ಪಾಯ್ತು," ಎಂದಳು.

ಎನ್ಸಿಯೊ ಇಲ್ಲ ಎನ್ನಲಿಲ್ಲ. ಪೈವಿಕ್ಕಿ ಅಪ್ಪನ ಮೇಲೆ ಅವತ್ತು ಕೋಪಗೊಂಡಷ್ಟು ಜೀವಮಾನದಲ್ಲಿ ಯಾವತ್ತೂ ಕೋಪಗೊಂಡಿರಲಿಲ್ಲ. ಸಂಜೆಯವರೆಗೂ ಒಲೆ ಮುಂದೆ ನಿಂತು, ಉಳಿದ ಹಣ್ಣನ್ನೆಲ್ಲ ಸಕ್ಕರೆ ಹಾಕಿ ಕುದಿಸಿದಳು.

*

ಮರುದಿನ ಅವಳು ಪೇಟೆಯಿಂದ ಒಂದು ಉದ್ದನೆಯ ಸಿದ್ಧ ಕೇಬಲ್ ತಂದಳು. ಎನ್ಸಿಯೊ ಅಂಗಳದ ಹಿಮ ತಳ್ಳಲು ಹೋದದ್ದೇ ತಡ, ತಿಲ್ದಾಳನ್ನು ಕರೆದು ಕೇಬಲ್ಲನ್ನು ಮೇಜಿನಡಿಯಿಂದ ಮೆಟ್ಟಲಗುಂಟ ಇಳಿಬಿಟ್ಟು ಟಿ.ವಿ.ಯ ಹಿಂದಕ್ಕೆ ಸಿಕ್ಕಿಸಿದಳು. ಪಟ ಒತ್ತಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಸರೋವರ, ದಡ, ಮನುಷ್ಯ, ಕಾಲಡಿಯ ನಾಯಿ ಎಲ್ಲ ಬಂದು ನಿಂತವು. ಇನ್ನೊಂದು. ಅದೂ ಹಾಗೇ.

"ಅಮ್ಮಾ," ತಿಲ್ದಾ ಉಸಿರು ಬಿಟ್ಟಳು, "ತಾತನ ಕೇಬಲ್ಲೇ!"

"ಬಾಯಿ ಮುಚ್ಚು. ಬರ್ತಿದಾನೆ."

ಎನ್ಸಿಯೊ ಒಳಗೆ ಬಂದು ಬೂಟಿನ ಹಿಮ ಕೊಡವುತ್ತಾ ಮೆಟ್ಟಲ ಮೇಲಿನ ಕೇಬಲ್ ನೋಡಿದ. "ಇದೇನಿದು? ಅವಳು ಎಡವಿ ಬಿದ್ದು ಸೊಂಟ ಮುರ್ಕೊಳ್ಳಿ ಅಂತಾನಾ?"

"ಎಡವ್ತಾಳೆ, ಅದಕ್ಕೇ ತೆಗೀತೀನಿ. ಮೊದಲು ಇದನ್ನ ನೋಡು." ಪೈವಿಕ್ಕಿ ಪಟ ಒತ್ತಿ ತೋರಿಸಿದಳು.

ಎನ್ಸಿಯೊ ನೋಡಿದ. ಸೀದಾ ಹೋಗಿ ತಂತಿ ಪರೀಕ್ಷೆ ಮಾಡುವ ತನ್ನ ಪೆಟ್ಟಿಗೆ ತಂದ. ಗೋಡೆಯ ಕೇಬಲ್ಲಿನ ಎರಡೂ ತುದಿಗೆ ಸಿಕ್ಕಿಸಿದ. ಒಂದರಿಂದ ಎಂಟರವರೆಗೆ ಹಸಿರು ದೀಪಗಳು ಸಾಲಾಗಿ ಹತ್ತಿ ಆರಿದವು.

"ನೋಡ್ಕೊ. ಎಂಟಕ್ಕೆಂಟೂ ಹತ್ತಿದೆ. ಎಲ್ಲಿದೆ ತಪ್ಪು? ತೋರ್ಸು."

ಪೈವಿಕ್ಕಿ ಎರಡು ಕೇಬಲ್ಲುಗಳ ಪ್ಲಗ್ಗುಗಳನ್ನು ಪಕ್ಕಪಕ್ಕ ಹಿಡಿದಳು. ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಬಣ್ಣದ ತಂತಿಗಳು ಕಾಣುತ್ತಿದ್ದವು. ಕೇಬಲ್ಲಿನಲ್ಲಿ ತಂತಿ ಎಂಟು, ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿ. ಎನ್ಸಿಯೊ ಟೆಲಿಫೋನಿನವರ ರೂಢಿಯಂತೆ ಜೋಡಿಯ ಪಕ್ಕ ಜೋಡಿ ಕೂರಿಸುತ್ತಾ ಹೋಗಿದ್ದ. ಅಂಗಡಿಯದರಲ್ಲಿ ಹಾಗಿರಲಿಲ್ಲ. ಅಲ್ಲಿ ಮೂರನೆಯ ತಂತಿಯ ಸಂಗಾತಿ ಆರನೆಯದು. ನಡುವೆ ಬೇರೊಂದು ಜೋಡಿ ಕೂತಿತ್ತು. ಕಂಪ್ಯೂಟರು ಮೂರು ಮತ್ತು ಆರನ್ನೇ ಜೋಡಿಯೆಂದು ನಂಬಿ ಮಾತಾಡುತ್ತದೆ. ಎನ್ಸಿಯೊನ ಕೇಬಲ್ಲಿನಲ್ಲಿ ಅವೆರಡೂ ಬೇರೆ ಬೇರೆ ಜೋಡಿಯವು. ಆಡಿದ ಮಾತು ಪಕ್ಕದ ತಂತಿಗೆ ಸೋರಿ ಕೆಟ್ಟು, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಬೇಕಾಗುತ್ತಿತ್ತು. ದೀಪದ ಪೆಟ್ಟಿಗೆಗೆ ಇದೆಲ್ಲ ಗೊತ್ತಾಗುವುದಿಲ್ಲ. ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯೇ ಎಂದಷ್ಟೇ ಅದು ಹೇಳುತ್ತದೆ, ಯಾವುದು ಯಾವುದರ ಜೊತೆ ಹೆಣೆದಿದೆ ಎಂದಲ್ಲ.

"ಫೋನಿಗಾದ್ರೆ ನೀನು ಮಾಡಿದ್ದು ಸರಿ ಅಪ್ಪಾ. ಇದಕ್ಕಲ್ಲ."

"ಈ ಜಿಲ್ಲೇಲಿ ಅರ್ಧ ಮನೆಗೆ ಫೋನ್ ಕೊಟ್ಟವನು ನಾನು. ನಂಗೆ ತಂತಿ ಜೋಡ್ಸೋದು ಹೇಳ್ಕೊಡ್ತೀಯಾ?"

"ಹೇಳ್ಕೊಡ್ತಿಲ್ಲ. ತಪ್ಪು ಎಲ್ಲಿದೆ ಅಂತ ತೋರ್ಸು ಅಂದ್ಯಲ್ಲ, ತೋರಿಸ್ತಿದೀನಿ. ತಪ್ಪು ನಿನ್ನ ಕೈದು. ನಂದಲ್ಲ, ತಿಲ್ದಾಂದಲ್ಲ, ಫ್ರೀಜರಿಂದಲ್ಲ. ಅಮ್ಮಂದಂತೂ ಅಲ್ವೇ ಅಲ್ಲ!"

ದನಿ ಏರಿದ್ದು ಅವಳಿಗೇ ಕೇಳಿಸಿತು. ಎನ್ಸಿಯೊ ಪ್ಲಗ್ಗನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, ಮೇಜಿನ ಮೇಲಿಟ್ಟು, ಸೌದೆ ಕೊಟ್ಟಿಗೆಗೆ ಹೋದ. ಸೌದೆ ಒಡೆಯುವ ಸದ್ದು ಕೇಳಿಸಲಿಲ್ಲ.

ಎರಡು ದಿನದ ಮೇಲೆ ಅವನೇ ಇಕ್ಕಳ, ಹೊಸ ಪ್ಲಗ್ಗು ಹಿಡಿದುಕೊಂಡು ಟಿ.ವಿ.ಯ ಹಿಂದೆ ಮಂಡಿಯೂರಿದ. ಬೆರಳಲ್ಲಿ ಕಸುವಿತ್ತು, ಕಣ್ಣಲ್ಲಿರಲಿಲ್ಲ. ಹಸಿರು ಯಾವುದು, ಕಂದು ಯಾವುದು ತಿಳಿಯುತ್ತಿರಲಿಲ್ಲ. ಸೈಮಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಟಾರ್ಚ್ ಹಿಡಿದಳು.

"ಇದು ಯಾವ ಬಣ್ಣ?"

"ಕಿತ್ತಳೆ."

"ಇದು?"

"ಹಸಿರು. ಅಲ್ಲ, ಹಸಿರು-ಬಿಳಿ. ಅಯ್ಯೋ, ನಿಂಗೆ ಅಷ್ಟೂ ಕಾಣಲ್ವಾ?"

"ಕಾಣಲ್ಲ ಕಣೇ. ನೀನು ಹೇಳು."

ಅಲ್ಲೂ, ಆಮೇಲೆ ಮಹಡಿಯ ಮೇಲಿನ ತುದಿಯಲ್ಲೂ, ಒಂದು ತಂತಿಯನ್ನೂ ಅವಳು ತಪ್ಪು ಹೇಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪೈವಿಕ್ಕಿಗೆ ಒಂದು ಗಳಿಗೆ ಅಪ್ಪ ಹೇಳಿದ್ದೇ ನಿಜವೇನೋ ಅನ್ನಿಸಿತು: ನಿಧಾನವಾದದ್ದು ಅಮ್ಮ ಅಲ್ಲ, ಲೈನು.

*

ಸಂಜೆ ಏಲಕ್ಕಿ ಬನ್ನು, ಕಾಫಿ. ನಾಲ್ವರೂ ಟಿ.ವಿ. ಮುಂದೆ ಕೂತರು. ಎನ್ಸಿಯೊ ಪಟ ಒತ್ತಿದ. ಸರೋವರದ ದಡದ ಹುಡುಗ ಎದ್ದುಬಂದ ಹಾಗೆ ಎದುರಿಗೆ ನಿಂತ.

ಸೈಮಿ ಕೈಯಲ್ಲಿದ್ದ ಬನ್ನು ಬಟ್ಟಲಿಗೆ ಬೀಳಿಸಿದಳು. "ಎನ್ಸಿಯೊ!"

ಯಾರೂ ಅಲ್ಲಾಡಲಿಲ್ಲ.

"ಅದು ಎನ್ಸಿಯೊ! ನಮ್ಮ ಎನ್ಸಿಯೊ! ಆ ಅಂಗಿ ನೋಡು, ನಾನೇ ಹೊಲಿದಿದ್ದು. ಎಷ್ಟು ಹೇಳಿದ್ರೂ ಮೇಲಿನ ಗುಂಡಿ ಹಾಕ್ಕೊಳ್ಳಲ್ಲ ಅವನು."

ಎನ್ಸಿಯೊ ಎದ್ದು ಹೊರಗೆ ಹೋದ. ಪೈವಿಕ್ಕಿ ಹಿಂದೆಯೇ ಹೋಗಿ ನೋಡಿದರೆ ಕೊಟ್ಟಿಗೆಯ ಗೋಡೆಗೆ ಹಣೆ ಒತ್ತಿಕೊಂಡು ಅಳುತ್ತಿದ್ದ. ಅಪ್ಪ ಅತ್ತದ್ದನ್ನು ಅವಳು ಎಂದೂ ನೋಡಿರಲಿಲ್ಲ. "ಕೇಳಿದ್ಯಾ?" ಎಂದ. "ಕೇಳಿದೆ ಅಪ್ಪಾ." "ಅಂದ್ಲಲ್ಲ." "ಅಂದ್ಲು." ಇಬ್ಬರೂ ಚಳಿಯಲ್ಲಿ ಅಲ್ಲೇ ನಿಂತರು. ಅರ್ಜಿಯ ಮಾತನ್ನು ಇನ್ನು ಎತ್ತಬಾರದು ಎಂದು ಪೈವಿಕ್ಕಿ ಅಂದುಕೊಂಡಳು. ತಾನು ಕಿರುಚಿದ್ದಕ್ಕೂ ಒಂದು ಬೆಲೆ ಬಂತು ಎಂದೂ ಅಂದುಕೊಂಡಳು. ಪಾಪ, ಅವಳಿಗೆ ಅಷ್ಟೂ ಸಂತೋಷ ಬೇಡವೇ?

ಒಂದು ವಾರ ಹಬ್ಬದ ಹಾಗೆ ಕಳೆಯಿತು. ಸೈಮಿ ಬೆಳಗ್ಗೆ ಎದ್ದರೆ ಟಿ.ವಿ. ಮುಂದೆ. ರಿಮೋಟನ್ನು ಕೈಯಿಂದ ಬಿಡುತ್ತಿರಲಿಲ್ಲ. ಪಟ ಪಟ ಪಟ ಎಂದು ಒತ್ತಿಕೊಂಡು ಹೋಗುವಳು. ಎನ್ಸಿಯೊ ದೋಣಿಯಲ್ಲಿ, ಎನ್ಸಿಯೊ ಕಂಬದ ಮೇಲೆ, ಎನ್ಸಿಯೊ ಮದುವೆಯ ಕೋಟಿನಲ್ಲಿ. ಒಂದು ದಿನ ಊಟದ ಹೊತ್ತಿಗೆ ಕೇಳಿದಳು.

"ಎನ್ಸಿಯೊ ಯಾವಾಗ ಬರ್ತಾನೆ?"

"ಇಲ್ಲೇ ಇದೀನಲ್ಲ," ಎನ್ಸಿಯೊ ನಕ್ಕ.

ಸೈಮಿಯೂ ಮರ್ಯಾದೆಗೆ ನಕ್ಕಳು. "ನೀವು ಒಳ್ಳೆ ತಮಾಷೆ ಮಾಡ್ತೀರಿ."

ತಿಲ್ದಾಳ ಚಮಚ ತಟ್ಟೆಗೆ ತಗುಲಿ ಸದ್ದಾಯಿತು. ನೀವು ಎಂದಿದ್ದಳು ಅಜ್ಜಿ.

ಶನಿವಾರ ಸೌನಾ. ಮದುವೆಯಾದಂದಿನಿಂದ ಶನಿವಾರ ತಪ್ಪದೆ ಗಂಡ ಹೆಂಡತಿ ಒಟ್ಟಿಗೆ ಸೌನಾದ ಹಲಗೆಯ ಮೇಲೆ ಕೂತವರು. ಬಿಸಿಗಲ್ಲಿಗೆ ನೀರು ಎರಚುವುದು ಅವನು, ಸಾಕು ಎನ್ನುವುದು ಅವಳು. ಸೈಮಿಯನ್ನು ನೆಲಮಾಳಿಗೆಯ ಮೆಟ್ಟಲು ಇಳಿಸುವುದು ಈಗೀಗ ಕಷ್ಟವಾಗಿತ್ತು, ಆದರೂ ಅವನ ತೋಳು ಹಿಡಿದರೆ ಇಳಿಯುತ್ತಿದ್ದಳು. ಆ ಶನಿವಾರ ಪೈವಿಕ್ಕಿ ಮೇಲೆ ಟವೆಲ್ ಮಡಿಸುತ್ತಿದ್ದಳು. ಕೆಳಗಿನಿಂದ ಅಮ್ಮನ ದನಿ ಕೇಳಿ ಓಡಿದಳು.

ಸೈಮಿ ಬಟ್ಟೆ ಬಿಚ್ಚುವ ಕೋಣೆಯ ಮೂಲೆಯಲ್ಲಿ ಸ್ವೆಟರನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಸೊಂಟಕ್ಕೆ ಟವೆಲ್ ಸುತ್ತಿದ ಎನ್ಸಿಯೊ ಕೈಯೆತ್ತಿಕೊಂಡು ಬಾಗಿಲಿಗೆ ಅಂಟಿದ್ದ.

"ಯಾರು ನೀವು? ಮುಟ್ಬೇಡಿ ನನ್ನ. ಗಂಡ ಇರೋ ಹೆಂಗಸು ನಾನು. ಎನ್ಸಿಯೊಗೆ ಹೇಳ್ತೀನಿ!"

"ಸೈಮಿ, ನಾನೇ ಎನ್ಸಿಯೊ."

"ಸುಳ್ಳು! ನನ್ನ ಎನ್ಸಿಯೊ ನಂಗೆ ಗೊತ್ತಿಲ್ವಾ? ನೋಡಿದೀನಿ ನಾನು ಅವನನ್ನ, ಈಗಷ್ಟೇ ನೋಡ್ದೆ. ನೀವು ಮುದುಕರು!"

ಪೈವಿಕ್ಕಿ ಅಮ್ಮನನ್ನು ಮೇಲೆ ಕರೆದುಕೊಂಡು ಹೋದಳು. ಎನ್ಸಿಯೊ ಒಬ್ಬನೇ ಸೌನಾಕ್ಕೆ ಹೋದ. ಕಲ್ಲಿಗೆ ನೀರು ಎರಚಿದ ಸದ್ದು ಬರಲಿಲ್ಲ.

ಭಾನುವಾರ ಬೆಳಗ್ಗೆ ಅವನ ದಿಂಬು, ಹೊದಿಕೆ ಮುಂಬಾಗಿಲ ಹತ್ತಿರ ನೀಟಾಗಿ ಮಡಿಸಿಟ್ಟಿದ್ದವು, ಮೇಲೆ ಅವನ ಬೂಟು. ಸೈಮಿ ಮಗಳನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು: "ಆ ಮುದುಕರಿಗೆ ಮನೆ ಇಲ್ವಾ ಅಂತ? ಒಳ್ಳೆಯವರೇ, ಆದ್ರೂ ಎನ್ಸಿಯೊನ ಅಂಗಿಗಳನ್ನ ಹಾಕ್ಕೊಂಡು ಓಡಾಡ್ತಾರೆ. ಅವನು ಬಂದ್ರೆ ಏನ್ ಅನ್ಕೊಳ್ತಾನೆ?"

ಎನ್ಸಿಯೊ ಹಾಸಿಗೆಯನ್ನು ನೆಲಮಾಳಿಗೆಗೆ ಒಯ್ದ. ಊಟಕ್ಕೆ ಎಲ್ಲರೂ ಎದ್ದ ಮೇಲೆ ಬಂದು, ಆರಿದ ಮೀನಿನ ಸೂಪನ್ನು ನಿಂತೇ ಕುಡಿದು ಹೋಗುತ್ತಿದ್ದ. ಅವನು ಕಾಣಿಸಿಕೊಂಡರೆ ಸೈಮಿ ನಡುಗುತ್ತಿದ್ದಳು, ಕೋಟು ಹಾಕಿಕೊಂಡು ಎನ್ಸಿಯೊನನ್ನು ಹುಡುಕಲು ಹೊರಡುತ್ತಿದ್ದಳು. ಎರಡು ಸಲ ರಸ್ತೆಯಿಂದ ಕರೆತರಬೇಕಾಯಿತು.

ಮೂರನೆಯ ಸಲವಾದ ಮೇಲೆ ಎನ್ಸಿಯೊ ಮಹಡಿ ಹತ್ತಿ ಬಂದು ಮಗಳ ಬಾಗಿಲಲ್ಲಿ ನಿಂತ.

"ಅರ್ಜಿ ಹಾಕು."

"ಅಪ್ಪಾ..."

"ಹಾಕು ಅಂದೆ."

"ನಾನು ಅವತ್ತು ಸುಮ್ನಿದ್ದಿದ್ರೆ ಆಗ್ತಿತ್ತು," ಎಂದಳು ಪೈವಿಕ್ಕಿ. ಅಷ್ಟು ಹೇಳುವುದರೊಳಗೆ ಅಳು ಬಂತು. "ನಾನ್ಯಾಕೆ ಆ ಕೇಬಲ್ ತಂದೆ? ಯಾಕೆ ನಿಂಗೆ ಹಾಗಂದೆ?"

"ನೀನು ಹೇಳಿದ್ದು ನಿಜ ತಾನೇ. ತಪ್ಪು ನನ್ನ ಕೈದೇ ಇತ್ತು." ಅವನು ಬಾಗಿಲ ಚೌಕಟ್ಟನ್ನು ಸವರಿದ. ಅದನ್ನು ಮಾಡಿದ್ದೂ ಅವನೇ. "ಅಳ್ಬೇಡ. ಹೆಸರು ಕೇಳಿದ್ನಲ್ಲ. ಕೇಳ್ಬೇಕು ಅಂತಿದ್ದೆ, ಕೇಳ್ದೆ."

ಜಾಗ ಅಂದುಕೊಂಡದ್ದಕ್ಕಿಂತ ಬೇಗ ಸಿಕ್ಕಿತು. ಮಾರ್ಚ್ ಕೊನೆಯ ಸೋಮವಾರ ಕರೆದುಕೊಂಡು ಬನ್ನಿ ಎಂದರು.

*

ಹಿಂದಿನ ಶುಕ್ರವಾರ ತಿಲ್ದಾ ಬೇಕರಿಯಿಂದ ಬಂದವಳು ಅಜ್ಜನ ಪಕ್ಕ, ಸೌನಾದ ಮೆಟ್ಟಲ ಮೇಲೆ ಕೂತಳು. "ತಾತ, ಒಂದು ಹೇಳ್ಲಾ? ನಿನ್ನ ಪಟಗಳನ್ನ ನಾನು ಅಳಿಸಿಬಿಡ್ತೀನಿ. ಕಾಡು, ನಾಯಿ, ಸರೋವರ ಮಾತ್ರ ಇರ್ಲಿ. ಆಗ ಅಜ್ಜಿ ಮರೀತಾಳೆ. ಮತ್ತೆ ಮೊದಲಿನ ಹಾಗೆ ನಿನ್ನ ಪಕ್ಕ ಕೂರ್ತಾಳೆ."

ಎನ್ಸಿಯೊ ತಲೆಯಾಡಿಸಿದ. "ಅವಳಿಗೆ ಉಳಿದಿರೋದು ಅವನೊಬ್ಬನೇ ಮಗಾ. ಅವನನ್ನೂ ಕಿತ್ಕೊಂಡ್ರೆ ಅವಳ ಹತ್ರ ಯಾರಿರ್ತಾರೆ?"

ಮಾರನೆಯ ದಿನ ಮಧ್ಯಾಹ್ನ ಅವನು ಇಕ್ಕಳ ಹಿಡಿದು ಪೈವಿಕ್ಕಿಯ ಕೋಣೆಗೆ ಬಂದ. "ಸ್ವಲ್ಪ ಏಳ್ತೀಯಾ? ಮೇಜಿನಡೀಲಿ ಕೆಲಸ ಇದೆ."

ಅವಳು ಎದ್ದು ಕುರ್ಚಿ ಸರಿಸಿದಳು. ಎನ್ಸಿಯೊ ಮಂಡಿಯೂರಿ, ಸರಿಯಾಗಿ ಕೂತಿದ್ದ ಪ್ಲಗ್ಗನ್ನು ಕತ್ತರಿಸಿ ಬಿಸಾಕಿದ. ಹೊಸದನ್ನು ತೆಗೆದು ತಂತಿಗಳನ್ನು ತನ್ನ ಹಳೆಯ ಕ್ರಮದಲ್ಲಿ, ಜೋಡಿಯ ಪಕ್ಕ ಜೋಡಿ ಇಡತೊಡಗಿದ. ಈ ಕ್ರಮಕ್ಕೆ ಅವನಿಗೆ ಕಣ್ಣು ಬೇಕಿರಲಿಲ್ಲ, ಬೆರಳಿಗೇ ಗೊತ್ತಿತ್ತು.

"ಅಪ್ಪಾ, ಏನ್ ಮಾಡ್ತಿದೀಯ? ಮತ್ತೆ ನಿಧಾನ ಆಗತ್ತೆ."

"ಆಗ್ಲಿ ಅಂತಾನೇ." ಇಕ್ಕಳ ಒತ್ತಿದ. "ಅವನು ಬರ್ಲಿ, ಬೇಡ ಅನ್ನಲ್ಲ. ನಿಧಾನವಾಗಿ ಬರ್ಲಿ. ಅವನು ಬರೋ ತನಕ ಅವಳ ಪಕ್ಕ ನಾನು ಕೂತಿರ್ತೀನಿ."

ಪೈವಿಕ್ಕಿ ಕತ್ತರಿಸಿದ ಪ್ಲಗ್ಗನ್ನು ನೆಲದಿಂದ ಎತ್ತಿಕೊಂಡಳು. ಅಪ್ಪ ಏಳಲು ಕೈ ಚಾಚಿದಾಗ ಹಿಡಿದು ಎಬ್ಬಿಸಿದಳು. ಆ ಕೈಯನ್ನು ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ಅವನೇ ಬಿಡಿಸಿಕೊಂಡು, ಟಿ.ವಿ.ಯ ಹಿಂದಿನ ತುದಿಯನ್ನೂ ಕಟ್ಟಲು ಕೆಳಗಿಳಿದ.

ಭಾನುವಾರ ಸಂಜೆ ಸೈಮಿಯ ಚೀಲ ಕಟ್ಟಿ ಬಾಗಿಲ ಹತ್ತಿರ ಇಟ್ಟಿತ್ತು. ಪೈವಿಕ್ಕಿ ಅಡುಗೆಮನೆಯಲ್ಲಿ ರೈ ಹಿಟ್ಟಿನ ಕಡುಬಿಗೆ ಬೆಣ್ಣೆ ಸವರುತ್ತಾ ತೆರೆದ ಬಾಗಿಲಿನಿಂದ ನೋಡುತ್ತಿದ್ದಳು. ಸೈಮಿ ರಿಮೋಟ್ ಒತ್ತಿದಳು. ಒಂದು ಪಟ್ಟಿ ಆಕಾಶ ಬಂತು. ಮತ್ತೆ ಒತ್ತಿದಳು. ಅಷ್ಟೇ ಆಕಾಶ. ಅವಳು ಕೈಯನ್ನು ಮಡಿಲಿಗಿಟ್ಟುಕೊಂಡು ಕಾಯತೊಡಗಿದಳು.

ಎನ್ಸಿಯೊ ತನ್ನ ಅಂಗಿ ಬಿಟ್ಟು, ಟೆಲಿಫೋನ್ ಕಂಪನಿಯ ಹಳೆಯ ನೀಲಿ ಜಾಕೆಟ್ಟು ಹಾಕಿಕೊಂಡು ಬಾಗಿಲಲ್ಲಿ ಬಂದು ನಿಂತ. ಒಳಗೆ ಕಾಲಿಡಲಿಲ್ಲ.

ಸೈಮಿ ತಿರುಗಿ ನೋಡಿದಳು. ಪೈವಿಕ್ಕಿಯ ಕೈಯಲ್ಲಿ ಚಾಕು ಹಾಗೇ ನಿಂತಿತು.

"ಯಾರು?"

"ಲೈನ್ ನೋಡೋಕೆ ಬಂದವನಮ್ಮ," ಎಂದ ಎನ್ಸಿಯೊ. "ನಿಧಾನ ಆಗಿದೆ ಅಂತ ಹೇಳಿದ್ರು."

ಸೈಮಿಯ ಮುಖ ಅರಳಿತು. "ಹೌದಾ! ನನ್ನ ಗಂಡನೂ ಅದೇ ಕೆಲಸ. ಚಳೀಲಿ ಬಂದಿದೀರಿ, ಬನ್ನಿ, ಕೂತ್ಕೊಳ್ಳಿ. ಕಾಫಿ ಕುಡಿದೇ ಹೋಗ್ಬೇಕು."

ಅವನು ಸೋಫಾದ ತುದಿಯಲ್ಲಿ, ಅವಳಿಂದ ಸ್ವಲ್ಪ ದೂರವಾಗಿ ಕೂತ. ಅವಳು ಜಾಗ ಮಾಡಿಕೊಡಲು ಸರಿದಳು. ಟಿ.ವಿ.ಯಲ್ಲಿ ಪೈನ್ ಮರದ ತುದಿಗಳು ಮೆಲ್ಲಗೆ ಇಳಿಯುತ್ತಿದ್ದವು.

"ಅವನು ಬರೋದು ತಡ ಆಗಬಹುದು," ಎಂದಳು ಸೈಮಿ. "ನಿಮಗೆ ಕಾಯೋದು ಬೇಜಾರಾಗಲ್ವಾ?"

"ಇಲ್ಲಮ್ಮ," ಎಂದ ಎನ್ಸಿಯೊ. "ನಂಗೇನೂ ಅವಸರ ಇಲ್ಲ."